ತೊರ್ಸಾ ಹೊಳೆಯ ಟೆಂಗ್ರಾ, ಕಾಲುವೆಯ ಟೆಂಗ್ರಾ

ನಿವೃತ್ತಿಯ ದಿನ ಶಾಲು ಹೊದಿಸಿ ಮಾತಾಡಿದವರೆಲ್ಲ ನನ್ನನ್ನು ‘ಮೀನುಗಳಿಗಾಗಿಯೇ ಬಾಳಿದವರು’ ಎಂದು ಹೊಗಳಿದರು. ಅದು ಸುಳ್ಳು. ನಾನು ಸಂಬಳಕ್ಕೆ ಕೆಲಸ ಮಾಡಿದವಳು. ಮೂವತ್ತೊಂದು ವರ್ಷಗಳಲ್ಲಿ ಸಾಕಿದ್ದಕ್ಕಿಂತ ಹೆಚ್ಚು ಮೀನು ಕೊಂದಿದ್ದೇನೆ. ಕೆಲವನ್ನು ಪರೀಕ್ಷೆಗೆಂದು ಕೊಂದೆ, ಕೆಲವು ನನ್ನ ಅಜಾಗರೂಕತೆಯಿಂದ ಸತ್ತವು, ಒಂದು ಇಡೀ ಬೇಸಿಗೆಯ ಮೀನುಗಳು ನನ್ನ ಸೊಕ್ಕಿಗೆ ಬಲಿಯಾದವು. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಶಾಲಿನ ಮಾತುಗಳನ್ನು ನಂಬಿಕೊಂಡು ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವ ಬಡ್ತಿ ಯಾವಾಗ ಬಂತು, ಯಾವುದು ಬರಲಿಲ್ಲ ಎಂಬುದು ಸರ್ವೀಸ್ ಪುಸ್ತಕದಲ್ಲಿದೆ. ಅದನ್ನು ಇಲ್ಲಿ ಬರೆದು ಯಾರ ಹೊತ್ತನ್ನೂ ಕಳೆಯುವುದಿಲ್ಲ.

ನನ್ನ ಹೆಸರು ಹುಲಿಗೆಮ್ಮ. ಊರು ಹೊಸಪೇಟೆ. ಅಪ್ಪ ತುಂಗಭದ್ರಾ ಹಿನ್ನೀರಿನಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುತ್ತಿದ್ದ. ಅವನ ಬಲೆಯಿಂದ ಮೀನು ಬಿಡಿಸುತ್ತಲೇ ಓದಿ, ಮೀನುಗಾರಿಕೆ ವಿಜ್ಞಾನದಲ್ಲಿ ಪದವಿ ಪಡೆದು, ಕೋಲ್ಕತ್ತದ ಒಂದು ಸರ್ಕಾರಿ ಮೀನು ಸಂಶೋಧನಾ ಕೇಂದ್ರಕ್ಕೆ ತಾಂತ್ರಿಕ ಸಹಾಯಕಿಯಾಗಿ ಬಂದೆ. ಮೊದಲ ದಿನವೇ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ನೋಡಿ ಗುಮಾಸ್ತರು ನಕ್ಕರು. ಬಂಗಾಳಿಯಲ್ಲಿ ‘ಹುಲೋ’ ಎಂದರೆ ಗಂಡುಬೆಕ್ಕಂತೆ. ಮೀನಿನ ಆಫೀಸಿಗೆ ಸರ್ಕಾರ ಬೆಕ್ಕನ್ನೇ ಕಳಿಸಿದೆ ಎಂಬುದು ತಮಾಷೆ. ನನಗಾಗ ಬಂಗಾಳಿ ಬರುತ್ತಿರಲಿಲ್ಲ. ಯಾರೋ ಅರ್ಥ ಬಿಡಿಸಿ ಹೇಳಿದ ಮೇಲೆ, “ನಮ್ಮ ಭಾಷೆಯಲ್ಲಿ ಹುಲಿ ಅಂದರೆ ಬಾಘ್” ಎಂದೆ. ನಗು ನಿಂತಿತು. ಅಂದಿನಿಂದ ಎಲ್ಲರಿಗೂ ನಾನು ಹುಲಿದಿ, ಅಂದರೆ ಹುಲಿಯಕ್ಕ.

ಇಲ್ಲಿ ಬರುವ ಜನ ನನ್ನೊಡನೆ ಆಡಿದ್ದು ಬಂಗಾಳಿ, ಇಲ್ಲವೇ ಇಂಗ್ಲಿಷು. ನಾನು ಅದನ್ನು ನನ್ನ ಕನ್ನಡದಲ್ಲಿ ಬರೆದಿದ್ದೇನೆ. ಮಾಲತಿಯ ಮಾತು ಮಾತ್ರ ನನ್ನ ಕೈಯಲ್ಲಿ ಹೊಸಪೇಟೆಯದಾಗಿಬಿಡುತ್ತದೆ. ಅವಳ ದನಿ ನನಗೆ ಕೇಳಿಸಿದ್ದು ಹಾಗೆಯೇ.

ನನಗೆ ಕೆಲಸ ಕಲಿಸಿದವರು ದೊಡ್ಡ ವಿಜ್ಞಾನಿಗಳಲ್ಲ. ಮೀನಿನ ತೊಟ್ಟಿಗಳ ಉಸ್ತುವಾರಿ ನೋಡುತ್ತಿದ್ದ ಹಾಲ್ದಾರ್‌ದಾ. ಲುಂಗಿಯ ಮೇಲೆ ಸರ್ಕಾರಿ ಕೋಟು ಹಾಕಿಕೊಂಡು ಓಡಾಡುತ್ತಿದ್ದ ಆಸಾಮಿ. ಕೆಲಸಕ್ಕೆ ಸೇರಿದ ಎರಡನೇ ವಾರ ಬೇರೆ ಬೇರೆ ಹೊಳೆಗಳಿಂದ ಎರಡು ಡಬ್ಬಿ ಮೀನು ಬಂತು. ನೋಡಲು ಎರಡರಲ್ಲೂ ಒಂದೇ ಮೀನು. ಜಾಗ ಉಳಿಯಲಿ ಎಂದು ನಾನು ಎರಡನ್ನೂ ಒಂದೇ ತೊಟ್ಟಿಗೆ ಸುರಿದೆ. ಹಾಲ್ದಾರ್‌ದಾ ಬಂದು ನೋಡಿದರು. ಬೈಯಲಿಲ್ಲ. ಒಂದು ಸ್ಟೂಲು ತಂದು ತೊಟ್ಟಿಯ ಮುಂದೆ ಇಟ್ಟರು.

“ಕೂತ್ಕೊ. ಯಾವುದು ಯಾವ ಹೊಳೆಯದು ಅಂತ ಹೇಳೋವರೆಗೂ ಏಳಬೇಡ.”

ಮೂರು ದಿನ ಕೂತೆ. ನಾಲ್ಕನೆಯ ದಿನ ಕೆಲವನ್ನು ಗುರುತಿಸಿದೆ. ಉಳಿದದ್ದನ್ನು ಗುರುತಿಸಲಾಗಲಿಲ್ಲ. ಆ ಮೀನುಗಳೆಲ್ಲ ಪರೀಕ್ಷೆಗೆ ನಿರುಪಯುಕ್ತವೆಂದು ಬರೆದು ಸಹಿ ಮಾಡಬೇಕಾಯಿತು. ಆ ಮೂರು ದಿನ ಕೂತು ನೋಡಿದ್ದರಿಂದ ನನ್ನ ಕಣ್ಣು ತೆರೆಯಿತು ಎಂದು ಹೇಳಿದರೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಕಣ್ಣು ತೆರೆಯುವುದಕ್ಕೆ ಇಪ್ಪತ್ತು ವರ್ಷ ಬೇಕಾಯಿತು. ಅವತ್ತು ಬೆನ್ನು ನೋವು ಬಂದದ್ದಷ್ಟೇ ನಿಜ.

ನನ್ನ ಪಾಲಿಗೆ ಬಂದದ್ದು ಮೀಸೆಯ ಮೀನುಗಳು. ಇಂಗ್ಲಿಷಿನವರು ಬೆಕ್ಕುಮೀನು ಎನ್ನುವ ಬಳಗ. ಅದರಲ್ಲೂ ಟೆಂಗ್ರಾ. ನಮ್ಮ ತುಂಗಭದ್ರೆಯ ಗಿರ್ಲು ಮೀನಿನ ದಾಯಾದಿ. ಬೆರಳುದ್ದದ ಮೈ, ಮೈಮೇಲೆ ತಲೆಯಿಂದ ಬಾಲದವರೆಗೆ ಪಟ್ಟೆ, ನಾಲ್ಕು ಜೋಡಿ ಮೀಸೆ, ಬೆನ್ನಿನಲ್ಲೊಂದು ಮತ್ತು ಎರಡು ಪಕ್ಕೆಗಳಲ್ಲಿ ಒಂದೊಂದು ಮುಳ್ಳು. ಆ ಮುಳ್ಳು ಚುಚ್ಚಿದರೆ ಅಂಗೈ ಸಂಜೆಯವರೆಗೆ ಉರಿಯುತ್ತದೆ. ಪಟ್ಟೆ ಪೈಜಾಮ ತೊಟ್ಟಂತೆ ಕಾಣುವುದರಿಂದ ವಿದೇಶದ ಗಾಜಿನ ತೊಟ್ಟಿಗಳಲ್ಲಿ ಇದಕ್ಕೆ ಬೇಡಿಕೆ. ಬಂಗಾಳಿಗಳಿಗೆ ಮಾತ್ರ ಇದು ಮೊದಲು ಊಟ. ಬಾಲಿಗಂಜ್‌ನಲ್ಲಿ ನಮ್ಮ ಬಾಡಿಗೆ ಮನೆಯ ಒಡತಿ ಮಾಶಿಮಾ ಒಮ್ಮೆ ಬಾಡಿಗೆ ಚೀಟಿ ಕೊಡಲು ಮೇಲೆ ಬಂದವರು ನನ್ನ ಗಾಜಿನ ತೊಟ್ಟಿ ನೋಡಿ ನಿಂತುಬಿಟ್ಟರು.

“ಅಯ್ಯೋ ತಾಯಿ, ಟೆಂಗ್ರಾ! ಇದನ್ನ ಗಾಜಿನೊಳಗಿಟ್ಟು ನೋಡ್ತಾರೇನೇ ಯಾರಾದ್ರೂ? ಬದನೆಕಾಯಿ ಹಾಕಿ ಸಾರು ಮಾಡ್ತಾರೆ.”

ನನ್ನ ಗಂಡ ಬಸವರಾಜ ಗದಗಿನವನು, ರೈಲ್ವೆ ಕಚೇರಿಯಲ್ಲಿದ್ದ. ಮೀನು ಮುಟ್ಟದ ಮನೆತನ. ಅವನು ಕೂತಲ್ಲಿಂದಲೇ, “ನೋಡವ್ವ, ನಿನ್ನ ಸಂಶೋಧನೆಗೆ ಮಾಶಿಮಾ ಒಂದ ಮಾತಿನ್ಯಾಗ ತೀರ್ಪು ಕೊಟ್ಟರು” ಎಂದು ನಕ್ಕ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೇಂದ್ರಕ್ಕೆ ಒಂದು ಯೋಜನೆ ಬಂತು. ಕೋಲ್ಕತ್ತದ ದಕ್ಷಿಣಕ್ಕೆ ಲೋಕಲ್ ರೈಲಿನಲ್ಲಿ ಗಂಟೆಯ ದಾರಿಯಲ್ಲಿರುವ ಒಂದು ಹಳ್ಳಿಯಲ್ಲಿ ಹನ್ನೆರಡು ಹೆಂಗಸರ ಗುಂಪಿಗೆ ಮನೆಯ ಹಿಂದೆ ಸಿಮೆಂಟ್ ತೊಟ್ಟಿ ಕಟ್ಟಿಸಿಕೊಟ್ಟು, ಅಕ್ವೇರಿಯಂಗಾಗಿ ಟೆಂಗ್ರಾ ಬೆಳೆಸುವುದನ್ನು ಕಲಿಸಬೇಕು. ತಾಯಿಮೀನುಗಳನ್ನು ನಾವು ಕೊಡಬೇಕು. ಪ್ರಶ್ನೆ ಒಂದೇ: ಯಾವ ಊರಿನ ಟೆಂಗ್ರಾ ಕೊಡುವುದು?

ನಮ್ಮ ಮುಂದೆ ಎರಡಿದ್ದವು. ಒಂದು, ಉತ್ತರ ಬಂಗಾಳದಲ್ಲಿ ಬೆಟ್ಟದ ಬುಡದಲ್ಲಿ ಹರಿಯುವ ತೊರ್ಸಾ ಹೊಳೆಯದು. ತೆಳು ಬಂಗಾರದ ಮೈ, ಅದರ ಮೇಲೆ ಮಸಿಯಲ್ಲಿ ಎಳೆದಂಥ ಐದು ಪಟ್ಟೆ. ಇನ್ನೊಂದು, ಆ ಹೆಂಗಸರ ಹಳ್ಳಿಯ ಕಾಲುವೆಯದೇ. ಕೆಸರು ಬಣ್ಣ, ಪಟ್ಟೆ ಇದೆಯೋ ಇಲ್ಲವೋ ಎಂದು ಹುಡುಕಬೇಕು, ಭುಜದ ಹತ್ತಿರ ಒಂದು ಕಪ್ಪು ಮಚ್ಚೆ. ಆ ಹೊತ್ತಿಗೆ ಜೀನ್ ಪರೀಕ್ಷೆ ಬಂದಿತ್ತು. ಮೊದಲಾದರೆ ಕ್ಯಾಲಿಪರ್ ಹಿಡಿದು ಮೂಗಿನಿಂದ ರೆಕ್ಕೆಗೆ ಎಷ್ಟು, ರೆಕ್ಕೆಯಿಂದ ಬಾಲಕ್ಕೆ ಎಷ್ಟು ಎಂದು ಅಳೆದು ವಾರಗಟ್ಟಲೆ ಬರೆಯುತ್ತಿದ್ದೆವು. ಈಗ ರೆಕ್ಕೆಯ ಒಂದು ಚೂರು ಕಳಿಸಿದರೆ ಉತ್ತರ ಬರುತ್ತಿತ್ತು. ಉತ್ತರ ಬಂತು: ಎರಡೂ ಒಂದೇ ಜಾತಿ.

ಒಂದೇ ಜಾತಿಯಾದ ಮೇಲೆ ಚೆಂದದ್ದನ್ನು ಆರಿಸಲು ಅಡ್ಡಿಯೇನು? ಹಾಗೆಂದು ಯೋಚಿಸಿದವಳು ನಾನು, ಬೇರೆ ಯಾರೂ ಅಲ್ಲ. ಮೂರು ತಿಂಗಳು ಎರಡನ್ನೂ ನಮ್ಮ ಕೇಂದ್ರದ ತೊಟ್ಟಿಗಳಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಚೆನ್ನಾಗಿ ತಿಂದವು, ಚೆನ್ನಾಗಿ ಬೆಳೆದವು. ತೊರ್ಸಾದ್ದನ್ನೇ ಕೊಡಬಹುದೆಂದು ಶಿಫಾರಸು ಬರೆದು ಸಹಿ ಮಾಡಿದೆ. ನಿರ್ದೇಶಕ ಸನ್ಯಾಲ್ ಬೆನ್ನು ತಟ್ಟಿದರು. ಮೀನು ರಫ್ತು ಮಾಡುವ ಪಾಲ್ ಬಾಬು ಫೋಟೊ ನೋಡಿ, “ಇಂಥದ್ದು ಎಷ್ಟಿದ್ದರೂ ಬೇಕು” ಎಂದರು. ಆ ಮೂರು ತಿಂಗಳು ಡಿಸೆಂಬರಿನಿಂದ ಫೆಬ್ರುವರಿವರೆಗಿನವು ಎಂಬುದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೋಲ್ಕತ್ತದಲ್ಲಿ ಜನ ಮಂಗಟೋಪಿ ಹಾಕಿಕೊಂಡು ಓಡಾಡುವ ಕಾಲದಲ್ಲಿ ನಾನು ಬೆಟ್ಟದ ಬುಡದ ಮೀನಿಗೆ ಪರೀಕ್ಷೆ ಇಟ್ಟು ಪಾಸು ಮಾಡಿದ್ದೆ.

ಆ ಹನ್ನೆರಡು ಮಂದಿಯ ಮುಂದಾಳು ಮಾಲತಿ. ನನಗಿಂತ ಐದಾರು ವರ್ಷ ಚಿಕ್ಕವಳು. ಗಂಡ ವ್ಯಾನ್ ರಿಕ್ಷಾ ತುಳಿಯುತ್ತಿದ್ದ. ಇಬ್ಬರು ಹೆಣ್ಣುಮಕ್ಕಳು. ತಾಯಿಮೀನು ಹಂಚಿದ ದಿನ ಅವಳು ಪ್ಲಾಸ್ಟಿಕ್ ಚೀಲ ಎತ್ತಿ ಬೆಳಕಿಗೆ ಹಿಡಿದು ನೋಡಿ ಕೇಳಿದ್ದಳು, “ದಿದಿ, ಇವು ನಮ್ಮ ಕಾಲುವೀವು ಅಲ್ಲ ಅಲ್ಲಾ?”

“ಅಲ್ಲ, ಇವು ಇನ್ನೂ ಚೆಂದ” ಎಂದಿದ್ದೆ.

“ಚೆಂದ ಅದಾವ, ಖರೆ” ಎಂದು ಅವಳು ಚೀಲ ಇಳಿಸಿದಳು. ಅವಳ ದನಿಯಲ್ಲಿದ್ದ ಅನುಮಾನವನ್ನು ನಾನು ಅಜ್ಞಾನ ಎಂದುಕೊಂಡೆ.

ಏಪ್ರಿಲ್ ಎರಡನೆಯ ವಾರ ಫೋನು ಬಂತು. “ದಿದಿ, ಮೀನು ಮ್ಯಾಲೆ ಬಂದು ಬಾಯಿ ಬಿಡಾಕತ್ತಾವ.” ಗಾಳಿ ಪಂಪು ಹಾಕಿ, ಅರ್ಧ ನೀರು ಬದಲಿಸಿ ಎಂದು ಫೋನಿನಲ್ಲೇ ಹೇಳಿದೆ. ಮರುದಿನ ಮತ್ತೆ ಫೋನು. ನಾನು ಹೋಗುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಸ್ಟೇಷನ್ನಿನಿಂದ ಟೊಟೊ ಎಂಬ ಬ್ಯಾಟರಿ ರಿಕ್ಷಾ ಹಿಡಿದು ಇಳಿದರೆ ಬೀದಿಯಲ್ಲಿ ನಾಯಿಯೂ ಇರಲಿಲ್ಲ, ಅಷ್ಟು ಬಿಸಿಲು. ಮಾಲತಿಯ ತೊಟ್ಟಿಗೆ ಮೇಲೆ ತಗಡು, ತಗಡಿನ ಮೇಲೆ ಒದ್ದೆ ಗೋಣಿಚೀಲ, ಅದರ ಮೇಲೆ ತೆಂಗಿನಗರಿ. ಇದ್ದಬದ್ದ ಎಲ್ಲವನ್ನೂ ಹೊದಿಸಿದ್ದಳು. ಥರ್ಮಾಮೀಟರ್ ಇಳಿಬಿಟ್ಟೆ. ಮೂವತ್ತಾರು ದಾಟಿತ್ತು. ಬಂಗಾರದ ಮೈಯ ಮೀನುಗಳು ಹೊಟ್ಟೆ ಮೇಲು ಮಾಡಿ ತೇಲುತ್ತಿದ್ದವು. ಪಟ್ಟೆಗಳು ಸತ್ತ ಮೇಲೂ ಚೆಂದವಾಗಿಯೇ ಇದ್ದವು. ಅದನ್ನು ನಾನಿನ್ನೂ ಮರೆತಿಲ್ಲ.

ಹನ್ನೆರಡು ಮನೆಗಳಿಗೂ ಹೋದೆ. ಒಂದೊಂದು ತೊಟ್ಟಿಯೂ ತೊಳೆದಿಟ್ಟ ಹಿತ್ತಾಳೆ ಪಾತ್ರೆಯಂತೆ ಸ್ವಚ್ಛವಾಗಿತ್ತು. ಒಬ್ಬಳು ರಾತ್ರಿಯೆಲ್ಲ ಬೀಸಣಿಗೆ ಬೀಸಿದ್ದಳಂತೆ, ನೀರಿಗೆ. ಹೆಂಗಸರು ನನ್ನ ಹಿಂದೆಯೇ ಬಂದು ಕೊನೆಗೆ ಮಾಲತಿಯ ಅಂಗಳದಲ್ಲಿ ಕೂತರು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೊನೆಗೆ ಮಾಲತಿ ಹೇಳಿದಳು:

“ದಿದಿ, ನೀವು ಚೆಲುವಿ ಸೊಸೀನ ತಂದ್ರಿ. ಈ ಊರ ಬಿಸಲಾಗ ಬಾಳೇವು ಮಾಡ್ತಾಳೇನು ಅಂತ ಕೇಳಲೇ ಇಲ್ಲ. ನಮ್ಮನ್ನರ ಕೇಳಬೇಕಿತ್ತಲ್ಲಾ? ನಾವು ಇಲ್ಲೇ ಹುಟ್ಟಿ ಬೆಳದಾವ್ರು.”

ಆಗ ನೆನಪಾದದ್ದು ನನ್ನ ಅವ್ವ. ಅವಳು ಊರವರ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವಳು; ಎರೆಹೊಲದ ಜೋಳದ ಬೀಜವನ್ನು ಮಸಾರಿ ಹೊಲಕ್ಕೆ ಹಾಕಲು ಹೊರಟ ಗೌಡನಿಗೆ, “ಕಪ್ಪು ಮಣ್ಣಿನ್ಯಾಗ ಬೆಳೆದದ್ದು ಕೆಂಪು ಮಣ್ಣಿನ್ಯಾಗ ಒಣಗತೈತ್ರಿ ಯಪ್ಪಾ” ಎಂದು ಎದುರು ನಿಂತು ಹೇಳಿದ್ದಳು. ಜೋಳ ಒಂದೇ ಜಾತಿ ಎಂಬುದು ಅವಳಿಗೂ ಗೊತ್ತಿತ್ತು. ಅದಕ್ಕಿಂತ ಮುಂದಿನದೂ ಗೊತ್ತಿತ್ತು. ಪದವಿ ಪಡೆದ ಮಗಳಿಗೆ ಗೊತ್ತಾಗಲಿಲ್ಲ.

ವಾರದ ನಂತರ ನಿರ್ದೇಶಕರು ಕರೆದರು. ಸನ್ಯಾಲ್ ಕೆಟ್ಟ ಮನುಷ್ಯರಲ್ಲ. ನನಗೆ ಮಗ ಹುಟ್ಟಿದಾಗ ರಜೆ ಸಾಲದೆ ಹೋದಾಗ ಮೇಲಿನವರೊಡನೆ ಜಗಳವಾಡಿ ಕೊಡಿಸಿದವರು. ಯೋಜನೆ ನಿಂತುಹೋದರೆ ಆ ಹೆಂಗಸರಿಗೇ ನಷ್ಟ ಎಂದು ಅವರು ನಿಜವಾಗಿಯೂ ನಂಬಿದ್ದರು. ವರದಿಯ ಕರಡನ್ನು ನನ್ನ ಮುಂದೆ ತಳ್ಳಿದರು. ಮೀನು ಸಾಯಲು ಕಾರಣ ಎಂಬಲ್ಲಿ ಒಂದು ವಾಕ್ಯ ಆಗಲೇ ಟೈಪಾಗಿತ್ತು: ಫಲಾನುಭವಿಗಳು ತೊಟ್ಟಿಯ ಸ್ವಚ್ಛತೆಯನ್ನು ಕಾಪಾಡಿರುವುದಿಲ್ಲ.

“ಸಹಿ ಮಾಡಿ. ಮುಂದಿನ ವರ್ಷ ಮತ್ತೆ ಮೀನು ಕೊಡೋಣ” ಎಂದರು.

“ಅವರು ಕಾಪಾಡಿದ್ದಾರೆ ಸರ್. ಹನ್ನೆರಡು ತೊಟ್ಟಿಗಳನ್ನೂ ನೋಡಿ ಬಂದಿದ್ದೇನೆ. ಆಯ್ಕೆ ತಪ್ಪಾಗಿತ್ತು. ಚಳಿಗಾಲದಲ್ಲಿ ಪರೀಕ್ಷೆ ಮಾಡಿ ಬೇಸಿಗೆಗೆ ಮೀನು ಕೊಟ್ಟೆ.”

“ಎರಡೂ ಒಂದೇ ಜಾತಿ ಎಂದು ಲ್ಯಾಬ್ ಹೇಳಿದೆ. ಆಯ್ಕೆ ತಪ್ಪಾಗುವುದು ಹೇಗೆ?”

“ಜಾತಿ ಒಂದೇ, ಊರು ಬೇರೆ ಸರ್. ಲ್ಯಾಬಿಗೆ ನಾವು ಜಾತಿ ಕೇಳಿದೆವು, ಅದು ಜಾತಿ ಹೇಳಿತು. ಬಿಸಿಲು ತಡೆಯುತ್ತದೆಯೇ ಎಂದು ಕೇಳಿರಲಿಲ್ಲ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹುಲಿಗೆಮ್ಮ, ಒಂದೇ ಒಂದು ವಾಕ್ಯ. ಆ ಹೆಂಗಸರಲ್ಲಿ ಯಾರೂ ಈ ವರದಿ ಓದುವುದಿಲ್ಲ.”

“ಅದಕ್ಕೇ ಸರ್. ಓದದವರ ಮೇಲೆ ಬರೆಯುವುದು ಸುಲಭ. ನಾನು ಬರೆಯುವುದಿಲ್ಲ.”

“ನಿಮ್ಮ ತಪ್ಪು ಎಂದು ಬರೆದರೆ ಅದು ಕೇಂದ್ರದ ತಪ್ಪಾಗುತ್ತದೆ.”

“ಹೌದು ಸರ್, ಆಗುತ್ತದೆ.”

ಮನೆಗೆ ಬಂದು ಬಸವರಾಜನಿಗೆ ಹೇಳಿದೆ. ಅವನು ತಟ್ಟೆಯಿಂದ ತಲೆ ಎತ್ತದೆ ಕೇಳಿದ.

“ನೀ ಬರೀಬೇಕಂತಿರೋದು ಖರೆ ಐತೋ ಇಲ್ಲೋ?”

“ಖರೆ ಐತಿ.”

“ಮತ್ತ್ಯಾಕ ನನ್ನ ಕೇಳತಿ? ಬರಿ. ಅವರೇನು ನಿನ್ನ ಗಲ್ಲಿಗೆ ಹಾಕತಾರೇನು?”

ಬರೆದೆ. ಎರಡು ಪುಟ. ತೊರ್ಸಾದ ಟೆಂಗ್ರಾವನ್ನು ಆರಿಸಿದ್ದು ನಾನು, ತಪ್ಪು ಋತುವಿನಲ್ಲಿ ಪರೀಕ್ಷಿಸಿದ್ದು ನಾನು, ಸ್ಥಳೀಯರನ್ನು ಕೇಳದೆ ಹೋದದ್ದು ನಾನು ಎಂದು ಬರೆದು, ನಿರ್ದೇಶಕರ ವರದಿಗೆ ಭಿನ್ನಮತವಾಗಿ ಲಗತ್ತಿಸಬೇಕೆಂದು ಕೋರಿ ಸಹಿ ಹಾಕಿದೆ. ಒಂದು ಪ್ರತಿಯನ್ನು ಬಂಗಾಳಿಗೆ ಅನುವಾದ ಮಾಡಿಸಿ ಮಾಲತಿಯ ಕೈಗೇ ಕೊಟ್ಟು ಬಂದೆ. ಅದು ನಿಯಮಕ್ಕೆ ವಿರುದ್ಧ. ಇವತ್ತಿಗೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಗಲ್ಲಿಗೆ ಹಾಕಲಿಲ್ಲ. ಕೆಳಗಿನ ಮಹಡಿಯ ಸಂಗ್ರಹ ಕೋಣೆಗೆ ಹಾಕಿದರು. ಹಳೆಯ ಸೀಸೆಗಳಲ್ಲಿ ಫಾರ್ಮಲಿನ್‌ನೊಳಗೆ ಮಲಗಿರುವ ಮೀನುಗಳಿಗೆ ಹೊಸ ಚೀಟಿ ಅಂಟಿಸುವ ಕೆಲಸ. ಒಂದೂವರೆ ವರ್ಷ. ಜೊತೆಯವರು ಕಾರಿಡಾರಿನಲ್ಲಿ ಕಂಡರೆ ಮೊಬೈಲು ನೋಡಿಕೊಂಡು ಹೋಗುತ್ತಿದ್ದರು. ನಾನು ಶಿಕ್ಷೆ ಎಂದು ಕೂತು ಅಳುತ್ತೇನೆಂದು ಯಾರಾದರೂ ಎಣಿಸಿದ್ದರೆ ಅವರಿಗೆ ನಿರಾಸೆಯಾಗಿರಬೇಕು. ಆ ಸೀಸೆಗಳಲ್ಲಿ ಬೇರೆ ಬೇರೆ ಹೊಳೆ, ಕೆರೆ, ಕಾಲುವೆಗಳ ಟೆಂಗ್ರಾಗಳಿದ್ದವು. ಒಂದೊಂದನ್ನೂ ತೆಗೆದು ಅಳೆದು, ಯಾವುದು ಎಲ್ಲಿಯದು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೇಲಿನ ಮಹಡಿಯಲ್ಲಿ ನನಗೆ ಇಪ್ಪತ್ತು ವರ್ಷ ಸಿಗದ ಬಿಡುವು ಕೆಳಗೆ ಸಿಕ್ಕಿತು.

ಶನಿವಾರಗಳು ನನ್ನವು. ಬಾಲಿಗಂಜ್ ಸ್ಟೇಷನ್ನಿನಲ್ಲಿ ದಕ್ಷಿಣದ ಲೋಕಲ್ ಹತ್ತಿ ಮಾಲತಿಯ ಮನೆಗೆ ಹೋಗುತ್ತಿದ್ದೆ. ಮೊದಲ ಸಲ ಹೋದಾಗ ಅವಳು ಬಾಗಿಲಲ್ಲೇ ನಿಂತು ಕೇಳಿದಳು, “ಈಗೇನು ತಂದೀರಿ?”

“ಏನೂ ತಂದಿಲ್ಲ. ನಿಮ್ಮ ಕಾಲುವೆಯ ಮೀನು ನೋಡೋಕೆ ಬಂದೆ.”

ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಅವಳ ತೊಟ್ಟಿಗೆ ನಡುವೆ ಬಲೆ ಕಟ್ಟಿ ಎರಡು ಪಾಲು ಮಾಡಿದೆವು. ಒಂದು ಕಡೆ ಹನ್ನೆರಡು ಮನೆಗಳ ತೊಟ್ಟಿಗಳಲ್ಲಿ ಸಾಯದೆ ಉಳಿದಿದ್ದ ತೊರ್ಸಾದ ಕೆಲವು ಮೀನು, ಇನ್ನೊಂದು ಕಡೆ ಕಾಲುವೆಯವು. ಮರುವರ್ಷ ಮಾರ್ಚಿನಿಂದ ಮೇವರೆಗೆ, ಅದೇ ತಗಡಿನ ಕೆಳಗೆ, ಅದೇ ಬಿಸಿಲಿನಲ್ಲಿ. ದಿನವೂ ಮಧ್ಯಾಹ್ನ ಮಾಲತಿ ಥರ್ಮಾಮೀಟರ್ ನೋಡಿ, ಅವಳ ದೊಡ್ಡ ಮಗಳು ಪುಸ್ತಕದಲ್ಲಿ ಬರೆಯುತ್ತಿದ್ದಳು. ತೊರ್ಸಾದವು ಮೂಲೆ ಸೇರಿದವು, ತಿನ್ನುವುದು ಬಿಟ್ಟವು, ಒಂದೊಂದಾಗಿ ಹೋದವು. ಕೊನೆಗೆ ಎರಡು ಗಂಡು ಉಳಿದವು. ಕಾಲುವೆಯವು ನೀರು ಬೆಚ್ಚಗಾದಷ್ಟೂ ಜೋರಾದವು. ಕೆಸರು ಬಣ್ಣದ ಆ ಮೀನುಗಳನ್ನು ನಾನು ಮೊದಲ ಸಲ ಗೌರವದಿಂದ ನೋಡಿದೆ.

ಪಾಲ್ ಬಾಬುವಿನ ಬಳಿಗೆ ಕಾಲುವೆ ಮೀನುಗಳನ್ನು ಒಯ್ದು ತೋರಿಸಿದೆ. ಬಿಳಿಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಅವು ಹುಣಸೆಬೀಜದ ಹಾಗೆ ಮಂಕಾಗಿ ಕೂತವು. “ಹುಲಿದಿ, ಇದನ್ನು ಮೀನಿನ ಅಂಗಡಿಗೆ ಒಯ್ಯಿರಿ, ನನ್ನ ಹತ್ತಿರ ಯಾಕೆ ತಂದಿರಿ?” ಎಂದು ಅವರು ಮುಖ ತಿರುಗಿಸಿದರು.

ಆ ಮಳೆಗಾಲದಲ್ಲಿ ಆದದ್ದನ್ನು ಬರೆಯುವಾಗ ಇನ್ನೂ ಕೈ ತಡೆಯುತ್ತದೆ. ದುರ್ಗಾಪೂಜೆಗೆ ಇನ್ನೂ ತಿಂಗಳು ಇರುವಾಗ ಒಂದು ಶನಿವಾರ ಹೋದೆ. ಮಾಲತಿಯ ಮುಖ ಅರಳಿತ್ತು. ಹಿತ್ತಲಿನಲ್ಲಿ ಒಂದು ಹೊಸ ಟಬ್ಬಿನ ಮೇಲಿನ ಬಟ್ಟೆ ಸರಿಸಿದಳು. ಒಳಗೆ ಎರಡು ಇಂಚಿನ ಮರಿಗಳು ಸರ್ರನೆ ಸುತ್ತುತ್ತಿದ್ದವು. ಬಂಗಾರದ ಮೈ, ಕಪ್ಪು ಪಟ್ಟೆ. ನೀರು ಬೆಚ್ಚಗಿತ್ತು, ಆದರೂ ಒಂದೂ ಬಾಯಿ ಬಿಡುತ್ತಿರಲಿಲ್ಲ.

“ನಾನೇ ಮಾಡಿದ್ದು” ಎಂದಳು. “ಉಳಿದಿದ್ದ ಆ ಎರಡು ಗಂಡು, ನಮ್ಮ ಕಾಲುವೀ ಹೆಣ್ಣು. ನೀವ ಕಲಿಸಿದ ಹಂಗ ತತ್ತಿ ಇಡಸೋ ಇಂಜೆಕ್ಷನ್ ಕೊಟ್ಟೆ. ನೋಡ್ರಿ, ಅವ್ವನ ಗಟ್ಟಿತನ, ಅಪ್ಪನ ಚೆಲುವು. ಪಾಲ್ ಬಾಬು ಈಗೇನಂತಾನ ಕೇಳ್ರಿ.”

ನನಗೂ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಟಬ್ಬನ್ನು ಹಾಗೇ ಎತ್ತಿಕೊಂಡು ಹೋಗಿ ಸನ್ಯಾಲರ ಮೇಜಿನ ಮೇಲಿಟ್ಟು ಬರಬೇಕೆನಿಸಿತು. ಆದರೆ ಹಿತ್ತಲಿನ ಬೇಲಿಯಾಚೆ ಕಾಲುವೆ ತುಂಬಿ ಹರಿಯುತ್ತಿತ್ತು. ಪ್ರತಿ ವರ್ಷ ಮಳೆ ಹೆಚ್ಚಾದರೆ ಆ ನೀರು ಅಂಗಳಕ್ಕೆ ಬರುತ್ತದೆ. ಟಬ್ಬು, ತೊಟ್ಟಿ, ಕಾಲುವೆ ಎಲ್ಲ ಒಂದಾಗುತ್ತದೆ. ನಾನು ಹೇಳಿದೆ, “ಮಾಲತಿ, ಇವು ಕಾಲುವೆಗೆ ಸೇರಬಾರದು. ಮಾರುವುದೂ ಬೇಡ, ಬೆಳೆಸುವುದೂ ಬೇಡ.”

ಅವಳ ಮುಖದ ಕಳೆಯೇ ಬದಲಾಯಿತು. “ಒಮ್ಮೆ ನಿಮ್ಮ ತಪ್ಪಿಗೆ ನಾವು ಮುಳುಗಿದ್ವಿ. ಈಗ ನಾವಾಗೇ ಏಳಾಕ ಹೋದ್ರ ಅದಕ್ಕೂ ಅಡ್ಡ ಬರ್ತೀರೇನು? ನೀವು ಮಾಡಿದ್ರ ವಿಜ್ಞಾನ, ನಾ ಮಾಡಿದ್ರ ತಪ್ಪೇನು?”

ಅದು ಸರಿಯಾದ ಪ್ರಶ್ನೆ. ನಾನು ಮೆಟ್ಟಿಲ ಮೇಲೆ ಕೂತೆ. ಅವಳು ಟಬ್ಬಿನ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಕಾಲುವೀಗೆ ಹೋದ್ರ ಏನಾಕ್ಕೈತಿ?” ಎಂದು ಕೊನೆಗೆ ಕೇಳಿದಳು.

“ಗೊತ್ತಿಲ್ಲ.”

“ಗೊತ್ತಿಲ್ಲಾ?”

“ಇವುಗಳ ಮಕ್ಕಳು ಬಿಸಿಲು ತಡೆಯಬಹುದು. ತಡೆಯದೆಯೂ ಇರಬಹುದು. ಕಾಲುವೆ ಮೀನಿನ ಜೊತೆ ಬೆರೆತು, ನಾಲ್ಕಾರು ವರ್ಷದಲ್ಲಿ ಅದರ ಗಟ್ಟಿತನ ಕಳೆಯಬಹುದು. ಆಮೇಲೆ ಬೇರೆ ಮಾಡೋಕೆ ಆಗಲ್ಲ. ಹೋದ ಸಲ ಗೊತ್ತಿದೆ ಅಂತ ಮೀನು ಕೊಟ್ಟೆ. ಈ ಸಲ ಗೊತ್ತಿಲ್ಲ ಅಂತ ಹೇಳ್ತಿದೀನಿ. ನಿಮ್ಮ ಕಾಲುವೆ, ನಿಮ್ಮ ಮೀನು. ನೀವೇ ತೀರ್ಮಾನ ಮಾಡಿ.”

ನಾನು ಎದ್ದು ಸ್ಟೇಷನ್ನಿಗೆ ಬಂದೆ. ಇನ್ನು ಈ ಮನೆಯ ಬಾಗಿಲು ನನಗೆ ಮುಚ್ಚಿತು ಎಂದುಕೊಂಡೆ.

ಮುಂದಿನ ಶನಿವಾರ ಹೋಗಲೋ ಬೇಡವೋ ಎಂದು ಅಳೆದೂ ಸುರಿದೂ ಕೊನೆಗೆ ಹೋದೆ. ಟಬ್ಬು ಬೋರಲು ಬಿದ್ದಿತ್ತು. ಅಡುಗೆಮನೆಯಿಂದ ಸಾಸಿವೆ ಎಣ್ಣೆಯ ಘಾಟು. ಮಾಲತಿ ಹೊರಗೆ ಬಂದು, “ಕೈ ತೊಳ್ಕೊರಿ” ಎಂದಳು. ಕೂತೆ. ತಟ್ಟೆಯಲ್ಲಿ ಬಿಸಿ ಅನ್ನ, ಅದರ ಪಕ್ಕ ಬದನೆಕಾಯಿ ಹಾಕಿ ಮಾಡಿದ ಸಾಸಿವೆಯ ಸಾರು, ಅದರೊಳಗೆ ಎರಡಿಂಚಿನ ಮೀನುಗಳು. ಪಟ್ಟೆ ಇನ್ನೂ ಕಾಣುತ್ತಿತ್ತು.

“ಮೂರು ದಿನ ಯೋಚನೆ ಮಾಡೀನಿ” ಎಂದಳು ಮಾಲತಿ. “ನಮ್ಮ ಹುಡುಗ್ರು ಆ ಕಾಲುವಿ ಮೀನಾ ತಿಂದು ಬೆಳದಾವ್ರು. ಗೊತ್ತಿಲ್ಲದ ಕೆಲಸಕ್ಕ ಅದನ್ನ ಪಣಕ್ಕ ಇಡಂಗಿಲ್ಲ ನಾನು. ನಿಮ್ಮ ಮಾತಿಗೆ ಮಾಡಿದ್ದಲ್ಲ ಮತ್ತ. ನನ್ನ ಮನಸಿಗೆ ಬಂದು ಮಾಡಿದ್ದು. ಉಣ್ರಿ.”

ಉಂಡೆ. ಮುಳ್ಳು ಗಂಟಲಿಗೆ ಸಿಕ್ಕದಂತೆ ನಿಧಾನವಾಗಿ, ಕೊನೆಯ ತುತ್ತಿನವರೆಗೂ ಉಂಡೆ. ರುಚಿಯಾಗಿತ್ತು. ಇಬ್ಬರ ಕಣ್ಣಲ್ಲೂ ನೀರಿತ್ತು. ಅದಕ್ಕೆ ಸಾಸಿವೆ ಕಾರಣ ಎಂದು ಇಬ್ಬರೂ ಒಪ್ಪಿಕೊಂಡೆವು.

ದಾರಿ ಹೊಳೆದದ್ದು ಮಾಲತಿಗೆ, ನನಗಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಬಿಳಿ ಟಬ್ಬಿನಲ್ಲಿ ಮಂಕಾಗಿದ್ದ ಕಾಲುವೆ ಮೀನುಗಳು, ಅವಳು ತಳಕ್ಕೆ ಕಾಲುವೆಯ ಕಪ್ಪು ಕೆಸರು ಹಾಕಿದ್ದ ತೊಟ್ಟಿಯಲ್ಲಿ ಬೇರೆಯೇ ಆಗಿದ್ದವು. ತಳ ಕಪ್ಪಾದಷ್ಟೂ ಮೈಯ ಬಣ್ಣ ಗಾಢವಾಗುತ್ತಿತ್ತು. ಎರಡೇ ವಾರದಲ್ಲಿ ಪಟ್ಟೆಗಳು ಎದ್ದು, ನಡುನಡುವೆ ತಾಮ್ರದ ಹೊಳಪು ಬಂತು. “ಕೆಸರ ಮೀನನ್ನ ಬಿಳೇ ಟಬ್ಬಿನ್ಯಾಗ ಇಟ್ರ ಅದು ಹೆದರತೈತಿ ದಿದಿ. ಮಂದಿ ಮುಂದ ಬತ್ತಲೆ ನಿಲ್ಲಿಸಿದಂಗ” ಎಂದಳು. ಮೀನು ತಳದ ಬಣ್ಣಕ್ಕೆ ತಕ್ಕಂತೆ ಮೈಬಣ್ಣ ಬದಲಿಸುತ್ತದೆ ಎಂದು ನಾನು ಪಾಠ ಓದಿ ಪರೀಕ್ಷೆ ಬರೆದಿದ್ದೆ. ಪಾಲ್ ಬಾಬುವಿಗೆ ತೋರಿಸುವಾಗ ನೆನಪಾಗಲಿಲ್ಲ.

ಕಪ್ಪು ತಳದ ಗಾಜಿನ ತೊಟ್ಟಿಯಲ್ಲಿ ಮಾಲತಿಯೇ ಮೀನು ಒಯ್ದಳು. ನಾನು ಹಿಂದೆ ನಿಂತೆ. ಪಾಲ್ ಬಾಬು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿ, “ಇದು ಯಾವ ಹೊಳೆಯದು?” ಎಂದರು.

“ಹೊಳೀದಲ್ಲ. ನನ್ನ ಮನೀ ಹಿಂದಿನ ಕಾಲುವೀದು” ಎಂದಳು ಮಾಲತಿ. “ಹೋದ ವರ್ಷ ನೀವ ಬ್ಯಾಡ ಅಂದದ್ದು.”

ಅವರು ಕೊಂಡರು. ಮೊದಲು ಸ್ವಲ್ಪ, ಆಮೇಲೆ ಹೆಚ್ಚು. ಆ ಹಳ್ಳಿಯ ತೊಟ್ಟಿಗಳಲ್ಲಿ ಈಗ ಕಾಲುವೆಯ ಟೆಂಗ್ರಾ ಮಾತ್ರ ಇದೆ. ಸನ್ಯಾಲ್ ನಿವೃತ್ತರಾದರು. ಹೋಗುವ ಮುಂಚೆ ನನ್ನನ್ನು ಸಂಗ್ರಹ ಕೋಣೆಯಿಂದ ಮೇಲಕ್ಕೆ ಕರೆಸಿದರು. ಕ್ಷಮೆ ಕೇಳಲಿಲ್ಲ. ನನ್ನ ಆ ಎರಡು ಪುಟಗಳನ್ನು ಮುಖ್ಯ ವರದಿಯ ಜೊತೆಗೇ ಕಳಿಸಿದ್ದೇನೆ, ಹರಿದು ಹಾಕಲಿಲ್ಲ ಎಂದಷ್ಟೇ ಹೇಳಿದರು. ಅವರಿಗೆ ಅದೂ ಕಷ್ಟದ ಕೆಲಸವೇ ಆಗಿತ್ತು. ನಾನು ತಲೆ ಬಾಗಿಸಿದೆ.

ಹೊಸಬರು ನನ್ನನ್ನು ಈಗ ಕೇಳುವುದು, “ಮೇಡಂ, ಎಲ್ಲಕ್ಕೂ ಲ್ಯಾಬ್ ಇದೆ, ಫೋಟೊ ನೋಡಿ ಮೀನು ಗುರುತಿಸುವ ಆ್ಯಪ್ ಇದೆ, ನಾವು ಕಾಲುವೆ ದಂಡೆಯಲ್ಲಿ ನಿಲ್ಲುವುದು ಯಾಕೆ?” ಎಂದು. ಲ್ಯಾಬನ್ನು ನಾನು ಹಳಿಯುವುದಿಲ್ಲ. ಅದು ಕೇಳಿದ್ದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟಿತ್ತು. ಕೇಳುವುದನ್ನು ಕಲಿಯಬೇಕಾದವರು ನಾವು. ಅದನ್ನು ಕಲಿಯಲು ದಂಡೆಯಲ್ಲಿ ನಿಲ್ಲಲೇಬೇಕು, ಬೇರೆ ದಾರಿಯಿಲ್ಲ. ‘ಹಳೆಯ ಕಾಲದವಳು’ ಎಂದು ಯಾರಾದರೂ ಅಂದರೆ ಅನ್ನಲಿ.

ನಿವೃತ್ತಿಯಾದ ಮೇಲೆ, ಈಚೆಗೆ, ಆ ಹಳ್ಳಿಗೆ ಒಂದು ಸಲ ಹೋಗಿದ್ದೆ. ಬೇರೆ ಜಿಲ್ಲೆಗಳಿಂದ ಬಂದ ಹೆಂಗಸರಿಗೂ ಹೊಸದಾಗಿ ಸೇರಿದ ಕೆಲವು ಅಧಿಕಾರಿಗಳಿಗೂ ಮಾಲತಿ ತರಬೇತಿ ಕೊಡುತ್ತಿದ್ದಳು. ಶಾಲೆಯ ಜಗುಲಿಯಲ್ಲಿ ಕುರ್ಚಿ ಹಾಕಿದ್ದರು. ನನ್ನನ್ನು ಪರಿಚಯಿಸಲು ಎದ್ದು ನಿಂತ ಯುವ ಅಧಿಕಾರಿಣಿ ನನ್ನ ಪದವಿಗಳನ್ನು ಓದಲು ಶುರುಮಾಡಿದಳು. ಮಾಲತಿ ಅವಳ ಕೈಯಿಂದ ಮೈಕು ತಗೊಂಡಳು.

“ಇವರು ಹುಲಿದಿ” ಎಂದಳು. “ಒಂದು ಬ್ಯಾಸಗಿಯೊಳಗ ಈ ಊರ ಹನ್ನೆರಡು ತೊಟ್ಟಿ ಮೀನು ಕೊಂದಾವ್ರು. ನಾನ ಕೊಂದೀನಿ ಅಂತ ಬರದು ಸಹಿ ಮಾಡಿ, ಆ ಕಾಗದ ತಂದು ನನ್ನ ಕೈಯಾಗ ಕೊಟ್ಟಾವ್ರು. ಅದಕ್ಕ ಇವರ ಮಾತು ನಾ ಕೇಳತೀನಿ. ನೀವೂ ಕೇಳ್ರಿ.”

ಯುವ ಅಧಿಕಾರಿಣಿಯ ಮುಖ ಕೆಂಪಾಗಿತ್ತು. ನನ್ನ ಪಕ್ಕದ ಕುರ್ಚಿಗೆ ಬಂದು, ಬರೆದುಕೊಳ್ಳುತ್ತಿದ್ದ ಪುಸ್ತಕವನ್ನು ಮರೆಮಾಡಿ ಪಿಸುಗುಟ್ಟಿದಳು, “ಮೇಡಂ, ಅವರು ಹಾಗೆ ಅಂದದ್ದಕ್ಕೆ ಕ್ಷಮಿಸಿ. ಇದನ್ನು ವರದಿಯಲ್ಲಿ ಬಿಟ್ಟುಬಿಡುತ್ತೇನೆ.”

“ಬಿಡಬೇಡಿ” ಎಂದೆ. “ಮೊದಲ ಸಾಲಿನಲ್ಲೇ ಬರೀರಿ.”

ಅವಳು ನನ್ನ ಮುಖ ನೋಡಿದಳು. ನಾನು ತಮಾಷೆ ಮಾಡುತ್ತಿಲ್ಲ ಎಂದು ಖಚಿತವಾದ ಮೇಲೆ ಪೆನ್ನಿನ ಮುಚ್ಚಳ ತೆಗೆದಳು. ಅವಳು ಬರೆದು ಮುಗಿಸುವವರೆಗೆ ಕಾದು, ನಾನು ಎದ್ದು ಮಾಲತಿಯ ಕೈಯಿಂದ ಮೈಕು ತಗೊಂಡೆ.